ಚೀಲದ ಕಾಯಿದೆ: ಗೆದ್ದ ದೇಶ, ಸೋತ ದೇಶ



ಈ ದಿನ ಬೀಜದ ವಿಚಾರವನ್ನಾಗಲಿ ಗೊಬ್ಬರದ ವಿಚಾರವನ್ನಾಗಲಿ ನಾನು ಎತ್ತುವುದಿಲ್ಲ. ಸಂತೆಯಿಂದ ನೀವು ಮನೆಗೆ ತರುವ ಪ್ಲಾಸ್ಟಿಕ್ ಚೀಲದ ಚರಿತ್ರೆಯನ್ನು ನಾಲ್ಕು ಮಾತಿನಲ್ಲಿ ಹೇಳಬೇಕೆಂದಿದ್ದೇನೆ. "ಅಯ್ಯೋ, ಚೀಲಕ್ಕೂ ಒಂದು ಚರಿತ್ರೆಯೇ?" ಎಂದು ನಗಬೇಡಿ. ಈ ಚೀಲವನ್ನು ಕಡಿಮೆ ಮಾಡಲು ಲೋಕದಲ್ಲಿ ನೂರಕ್ಕೂ ಹೆಚ್ಚು ದೇಶಗಳು ಒಂದಲ್ಲ ಒಂದು ಬಗೆಯ ಕಾಯಿದೆ ಮಾಡಿವೆ. ಕೆಲವು ಕಡೆ ಕಾಯಿದೆ ಗೆದ್ದಿತು. ಕೆಲವು ಕಡೆ ಚೀಲವೇ ಗೆದ್ದಿತು. ಏಕೆ ಹೀಗಾಯಿತು ಎಂಬುದನ್ನು ತಿಳಿದುಕೊಂಡರೆ ನಮಗೂ ನಮ್ಮ ದನಕರುಗಳಿಗೂ ಉಪಯೋಗವುಂಟು.

ದನಕರುಗಳ ಮಾತು ಯಾಕೆ ಬಂತೆಂದು ಕೇಳುತ್ತೀರೋ? ಹಸು ಮೇಯುವಾಗ ನಮ್ಮ ಹಾಗೆ ಅಗಿದು ನೋಡಿ ನುಂಗುವುದಿಲ್ಲ. ಮೊದಲು ನುಂಗುತ್ತದೆ, ಆಮೇಲೆ ಕೂತು ಮೆಲುಕು ಹಾಕುತ್ತದೆ. ಉಳಿದ ಅನ್ನವನ್ನೋ ತರಕಾರಿ ಸಿಪ್ಪೆಯನ್ನೋ ಚೀಲದಲ್ಲಿ ಹಾಕಿ, ಗಂಟು ಬಿಗಿದು ಬೀದಿಗೆ ಎಸೆದರೆ, ಉಪ್ಪಿನ ವಾಸನೆಗೆ ಬಂದ ಹಸು ಗಂಟು ಬಿಚ್ಚಲಾರದೆ ಚೀಲಸಮೇತ ನುಂಗಿಬಿಡುತ್ತದೆ. ಆ ಚೀಲ ಅದರ ಮೊದಲ ಹೊಟ್ಟೆಯಲ್ಲಿ, ವೈದ್ಯರು ರೂಮೆನ್ ಎನ್ನುವ ದೊಡ್ಡ ಚೀಲದಲ್ಲಿ, ಕೂತುಬಿಡುತ್ತದೆ. ಕರಗುವುದಿಲ್ಲ, ಮುಂದಕ್ಕೆ ಹೋಗುವುದೂ ಇಲ್ಲ. ಒಂದಕ್ಕೊಂದು ಸುತ್ತಿಕೊಂಡು ಗಡ್ಡೆಯಾಗುತ್ತದೆ. ಹಸು ಮೇವು ಬಿಡುತ್ತದೆ, ಹೊಟ್ಟೆ ಉಬ್ಬರಿಸುತ್ತದೆ, ಹಾಲು ಇಳಿಯುತ್ತದೆ. ಹೊಟ್ಟೆ ಕೊಯ್ದು ತೆಗೆಯುವುದೊಂದೇ ಕೊನೆಗೆ ಉಳಿಯುವ ದಾರಿ. ಆದ್ದರಿಂದ ಈ ಕಾಯಿದೆಯ ಸೋಲುಗೆಲುವು ಪಟ್ಟಣದವರ ಸಂಗತಿ ಮಾತ್ರ ಎಂದು ತಿಳಿಯಬೇಡಿ.

ಮೊದಲು ಚೀಲ ಹುಟ್ಟಿದ್ದು ಹೇಗೆಂದು ನೋಡೋಣ. ಪಾಲಿಥೀನ್ ಎಂಬ ವಸ್ತು 1933ರಲ್ಲಿ ಇಂಗ್ಲೆಂಡಿನ ನಾರ್ತ್‌ವಿಚ್ ಎಂಬಲ್ಲಿ, ಇಂಪೀರಿಯಲ್ ಕೆಮಿಕಲ್ ಇಂಡಸ್ಟ್ರೀಸ್ ಕಂಪನಿಯ ಪ್ರಯೋಗಶಾಲೆಯಲ್ಲಿ, ಬೇರೇನನ್ನೋ ಹುಡುಕುತ್ತಿರುವಾಗ ಆಕಸ್ಮಿಕವಾಗಿ ದೊರೆಯಿತು. ಎರಡನೆಯ ಮಹಾಯುದ್ಧದಲ್ಲಿ ಅದನ್ನು ರೇಡಾರಿನ ತಂತಿಗಳಿಗೆ ಹೊದಿಕೆಯಾಗಿ ಬಳಸಿದರು. ಎರಡು ಹಿಡಿಕೆಯ, ಬನಿಯನ್ನಿನ ಆಕಾರದ ಚೀಲ ಬಂದದ್ದು ಆಮೇಲೆ. ಸ್ವೀಡನ್ ದೇಶದ ಸೆಲ್ಲೋಪ್ಲಾಸ್ಟ್ ಕಂಪನಿಗಾಗಿ ಸ್ಟೆನ್ ಗುಸ್ತಾಫ್ ಥುಲಿನ್ ಎಂಬ ಇಂಜಿನಿಯರು ಅದನ್ನು ರೂಪಿಸಿದರು. 1965ರಲ್ಲಿ ಅದಕ್ಕೆ ಅಮೆರಿಕದ ಪೇಟೆಂಟು ದೊರೆಯಿತು. ಹೊಲಿಗೆ ಬೇಡ, ಅಂಟು ಬೇಡ, ಒಂದೇ ಕೊಳವೆಯನ್ನು ಕತ್ತರಿಸಿ ಬೆಸೆದರೆ ಚೀಲ ಸಿದ್ಧ. ಹಗುರ, ಅಗ್ಗ, ನೀರು ಸೋರುವುದಿಲ್ಲ.

ಈ ಅಗ್ಗದಲ್ಲೇ ಎಲ್ಲ ಗುಟ್ಟೂ ಅಡಗಿದೆ. ಚೀಲ ಅಷ್ಟು ಅಗ್ಗವಾದದ್ದರಿಂದ ಅಂಗಡಿಯವನು ಅದನ್ನು ಪುಕ್ಕಟೆಯಾಗಿ ಕೊಡತೊಡಗಿದ. ಒಬ್ಬ ಕೊಟ್ಟ ಮೇಲೆ ಪಕ್ಕದವನೂ ಕೊಡಲೇಬೇಕಾಯಿತು. ಕೊಡದಿದ್ದರೆ ಗಿರಾಕಿ ಎದುರಂಗಡಿಗೆ ಹೋಗುತ್ತಾನಲ್ಲ! ಹೀಗೆ ಮನೆಯಿಂದ ಕೈಚೀಲ ಒಯ್ಯುವ ಪದ್ಧತಿ ದೇಶದೇಶಗಳಲ್ಲಿ ಬಿಟ್ಟುಹೋಯಿತು. ಈ ಮಾತನ್ನು ನೆನಪಿನಲ್ಲಿಡಿ. ಚೀಲ ಕೊಡದ ಅಂಗಡಿಯವನು ಗಿರಾಕಿಯನ್ನು ಕಳೆದುಕೊಳ್ಳುತ್ತಾನೋ ಇಲ್ಲವೋ? ಚೀಲದ ಕಾಯಿದೆಯ ಹಣೆಬರಹವೆಲ್ಲ ಈ ಒಂದು ಪ್ರಶ್ನೆಯ ಮೇಲೆ ನಿಂತಿದೆ ಎಂಬುದು ಈಗ ಹೇಳುವ ಕಥೆಗಳಿಂದ ನಿಮಗೇ ತಿಳಿಯುತ್ತದೆ.

2002ನೆಯ ಇಸವಿಯ ಮಾರ್ಚ್ ತಿಂಗಳು. ಆ ತಿಂಗಳ 1ರಂದು ಬಾಂಗ್ಲಾದೇಶವು ತನ್ನ ನಾಡಿನಲ್ಲೆಲ್ಲ ತೆಳು ಪಾಲಿಥೀನ್ ಚೀಲವನ್ನು ನಿಷೇಧಿಸಿತು. ಹಾಗೆ ಮಾಡಿದ ಮೊದಲ ದೇಶ ಅದೇ. ಮೂರು ದಿನ ಕಳೆದು, 4ರಂದು, ಯೂರೋಪಿನ ಪಡುವಣ ಅಂಚಿನ ಐರ್ಲೆಂಡ್ ದೇಶವು ಚೀಲವನ್ನು ನಿಷೇಧಿಸಲಿಲ್ಲ. ಒಂದೊಂದು ಚೀಲಕ್ಕೂ 15 ಸೆಂಟ್ ತೆರಿಗೆ ಹಾಕಿತು, ಅಷ್ಟೇ. ಒಂದು ದೇಶ ಬಾಗಿಲು ಹಾಕಿತು, ಇನ್ನೊಂದು ಬಾಗಿಲಲ್ಲಿ ಸುಂಕದವನನ್ನು ಕೂರಿಸಿತು. ಇಪ್ಪತ್ತು ವರ್ಷ ಕಳೆದ ಮೇಲೆ ನೋಡಿದರೆ ಸುಂಕ ಹಾಕಿದ ದೇಶದಲ್ಲಿ ಚೀಲ ಅಪರೂಪವಾಗಿತ್ತು. ಬಾಗಿಲು ಹಾಕಿದ ದೇಶದಲ್ಲಿ ಸಂತೆಯ ತುಂಬ ಚೀಲವಿತ್ತು.

ಬಾಂಗ್ಲಾದೇಶದ ಕಥೆಯನ್ನು ಸ್ವಲ್ಪ ವಿವರವಾಗಿ ಕೇಳಿ. ಅದು ನಮ್ಮಂಥದೇ ರೈತರ ನಾಡು, ಜೊತೆಗೆ ನೀರಿನ ನಾಡು. 1988ರಲ್ಲಿ ಒಮ್ಮೆ, 1998ರಲ್ಲಿ ಮತ್ತೊಮ್ಮೆ ಅಲ್ಲಿ ಮಹಾಪೂರ ಬಂತು. 1998ರಲ್ಲಂತೂ ದೇಶದ ಮೂರರಲ್ಲಿ ಎರಡು ಪಾಲು ನೀರಿನಡಿ ಇತ್ತು. ಪೂರ ತಂದದ್ದು ನದಿಗಳೇ ಹೌದು. ಆದರೆ ರಾಜಧಾನಿ ಢಾಕಾದಲ್ಲಿ ನೀರು ಬೇಗ ಇಳಿದುಹೋಗದಂತೆ ಚರಂಡಿಗಳ ಬಾಯಿಗೆ ಅಡ್ಡ ಸಿಕ್ಕಿಕೊಂಡದ್ದು ಈ ಚೀಲಗಳು ಎಂಬುದು ಜನರ ಮನಸ್ಸಿಗೆ ನಾಟಿತು. ಹಾಗಾಗಿ 2002ರ ಜನವರಿಯಲ್ಲಿ ಮೊದಲು ಢಾಕಾ ನಗರದಲ್ಲಿ, ಮಾರ್ಚಿಯಲ್ಲಿ ಇಡೀ ದೇಶದಲ್ಲಿ ನಿಷೇಧ ಬಂತು. ಕಾಯಿದೆ ಬಲು ಬಿಗಿ. ಚೀಲ ತಯಾರಿಸಿದವನಿಗೆ 10 ವರ್ಷದವರೆಗೆ ಸೆರೆವಾಸ ಅಥವಾ 10 ಲಕ್ಷ ಟಾಕಾ ದಂಡ ವಿಧಿಸುವಷ್ಟು ಬಿಗಿ.

ಮೊದಮೊದಲು ಬಹಳ ಚೆನ್ನಾಗಿಯೇ ನಡೆಯಿತು. ಅಧಿಕಾರಿಗಳು ಸಂತೆಗೆ ಬಂದರು, ಕಾರ್ಖಾನೆಗಳಿಗೆ ಬೀಗ ಬಿತ್ತು, ಜನ ಕೈಚೀಲ ಹಿಡಿದರು. ಕೆಲವು ವರ್ಷದಲ್ಲಿ ಉತ್ಸಾಹ ಇಳಿಯಿತು. ತಪಾಸಣೆ ಅಪರೂಪವಾಯಿತು. ಆರಂಭಶೂರತನ ಎನ್ನುತ್ತೇವಲ್ಲ, ಹಾಗೆ. ಬೇರೆ ಸರಕನ್ನು ಕಟ್ಟಲು ಬೇಕಾದ ಪಾಲಿಥೀನ್ ಹಾಳೆಗೆ ಕಾಯಿದೆ ವಿನಾಯಿತಿ ಕೊಟ್ಟಿತ್ತು. ಆ ಹೆಸರಿನಲ್ಲಿ ಯಂತ್ರಗಳು ಉಳಿದುಕೊಂಡವು. ಹಗಲು ಹಾಳೆ ಮಾಡುವ ಯಂತ್ರಕ್ಕೆ ರಾತ್ರಿ ಚೀಲ ಮಾಡಲು ಕಷ್ಟವೇನು? ಹಳೆಯ ಢಾಕಾದ ಇಕ್ಕಟ್ಟು ಓಣಿಗಳಲ್ಲಿ ಸಣ್ಣ ಸಣ್ಣ ಕಾರ್ಖಾನೆಗಳು ಮತ್ತೆ ಸದ್ದು ಮಾಡಿದವು. ಬಟ್ಟೆಯಂತೆ ಕಾಣುವ, ಆದರೆ ಪ್ಲಾಸ್ಟಿಕ್ಕಿನಿಂದಲೇ ಮಾಡಿದ ಇನ್ನೊಂದು ಬಗೆಯ ಚೀಲವೂ ಪೇಟೆಗೆ ಬಂತು.

ಈಗ ಮೀನು ಮಾರುವವನ ಅವಸ್ಥೆ ನೋಡಿ. ಪಕ್ಕದವನು ಗುಟ್ಟಾಗಿ ಚೀಲ ಕೊಡುತ್ತಾನೆ. ಇವನು ಕಾಯಿದೆಗೆ ಹೆದರಿ ಕೊಡುವುದಿಲ್ಲ. ಗಿರಾಕಿ ಯಾರ ಕಡೆ ಹೋಗುತ್ತಾನೆ? ಒದ್ದೆ ಮೀನನ್ನು ಕಟ್ಟಿಕೊಡಲು ಅಷ್ಟೇ ಅಗ್ಗದ ಬೇರೆ ವಸ್ತುವೂ ಕೈಗೆ ಸಿಗಲಿಲ್ಲ. ಕಾಯಿದೆಯನ್ನು ಪಾಲಿಸಿದವನಿಗೇ ನಷ್ಟವಾಗುವ ಹಾಗಾದರೆ ಅಂಥ ಕಾಯಿದೆ ಎಷ್ಟು ದಿನ ಬಾಳೀತು?

ಇಲ್ಲಿ ರೈತರಾದ ನಾವು ಗಮನಿಸಬೇಕಾದ ಇನ್ನೊಂದು ಸಂಗತಿಯಿದೆ. ಬಾಂಗ್ಲಾದೇಶವು ಸೆಣಬಿನ ತವರು. ಸೆಣಬೆಂದರೆ ನಮ್ಮ ಗೋಣಿಚೀಲದ ನಾರು. ಅಲ್ಲಿಯವರು ಅದನ್ನು ಚಿನ್ನದ ನಾರೆಂದೇ ಕರೆಯುತ್ತಾರೆ. ರೈತನು ಆಳೆತ್ತರ ಮೀರಿ ಬೆಳೆದ ದಂಟುಗಳನ್ನು ಕೊಯ್ದು, ಕಟ್ಟು ಕಟ್ಟಿ, ಎರಡು ಮೂರು ವಾರ ನೀರಿನಲ್ಲಿ ಕೊಳೆಹಾಕಿ, ಸೊಂಟದುದ್ದ ನೀರಿನಲ್ಲಿ ನಿಂತು ನಾರು ಬಿಡಿಸುತ್ತಾನೆ. ಪ್ಲಾಸ್ಟಿಕ್ ಚೀಲ ಹೋದರೆ ಸೆಣಬಿನ ಚೀಲ ಬರುತ್ತದೆ, ನಮ್ಮ ಬೆಳೆಗೆ ಬೆಲೆ ಬರುತ್ತದೆ ಎಂದು ಆ ರೈತ ಆಸೆಪಟ್ಟಿದ್ದರೆ ತಪ್ಪೇನು? ಆದರೆ ನಡೆದದ್ದೇ ಬೇರೆ. ನಾರಾಯಣಗಂಜಿನ ಆದಮ್‌ಜೀ ಸೆಣಬಿನ ಗಿರಣಿ 1951ರಲ್ಲಿ ಶುರುವಾದದ್ದು, ಒಂದು ಕಾಲಕ್ಕೆ ಲೋಕದಲ್ಲೇ ದೊಡ್ಡದೆಂದು ಹೆಸರಾದದ್ದು. ಪಾಲಿಥೀನನ್ನು ನಿಷೇಧಿಸಿದ ಆ 2002ನೆಯ ಇಸವಿಯಲ್ಲಿಯೇ, ಜೂನ್ 30ರಂದು, ನಷ್ಟದ ಕಾರಣದಿಂದ ಸರ್ಕಾರ ಅದನ್ನು ಮುಚ್ಚಿಬಿಟ್ಟಿತು! ಆ ಗಿರಣಿ ನೇಯುತ್ತಿದ್ದುದು ಹೊರದೇಶಕ್ಕೆ ಹೋಗುವ ಗೋಣಿ ಮತ್ತು ಹೆಸಿಯನ್ ಬಟ್ಟೆ, ಸಂತೆಯ ಕೈಚೀಲವಲ್ಲ, ನಿಜ. ಆದರೂ ಒಂದು ಕೈಯಿಂದ ಪ್ಲಾಸ್ಟಿಕ್ಕನ್ನು ತೆಗೆಯುವವರು ಇನ್ನೊಂದು ಕೈಯಿಂದ ಅಗ್ಗದ ಸೆಣಬಿನ ಚೀಲವನ್ನು ಕೊಡುವ ಏರ್ಪಾಟು ಮಾಡಬೇಕಿತ್ತು. ಅದು ಸಾಕಷ್ಟು ಆಗಲಿಲ್ಲ. 2020ರ ಜುಲೈನಲ್ಲಿ ಸರ್ಕಾರದ ವಶದಲ್ಲಿದ್ದ ಉಳಿದ 25 ಸೆಣಬಿನ ಗಿರಣಿಗಳೂ ನಿಂತುಹೋದವು. ಸೆಣಬಿನ ಸೆಲ್ಯುಲೋಸಿನಿಂದಲೇ ಪ್ಲಾಸ್ಟಿಕ್ಕಿನಂತೆ ತೆಳುವಾದ, ಮಣ್ಣಿನಲ್ಲಿ ಕರಗುವ ಚೀಲವನ್ನು ಅಲ್ಲಿಯ ವಿಜ್ಞಾನಿ ಮುಬಾರಕ್ ಅಹ್ಮದ್ ಖಾನ್ ಅವರು ಮಾಡಿ ತೋರಿಸಿದರು. ಅದು ಕೂಡ ವರ್ಷಗಟ್ಟಲೆ ಪ್ರಯೋಗದ ಹಂತದಲ್ಲೇ ಉಳಿಯಿತು. ಕೊನೆಗೆ 2024ರಲ್ಲಿ ಹೊಸ ಸರ್ಕಾರ ಹಳೆಯ ನಿಷೇಧವನ್ನೇ ಮತ್ತೆ ಸಾರಬೇಕಾಯಿತು: ಅಕ್ಟೋಬರ್ 1ರಿಂದ ದೊಡ್ಡ ಅಂಗಡಿಗಳಲ್ಲಿ, ನವೆಂಬರ್ 1ರಿಂದ ತರಕಾರಿ ಪೇಟೆಗಳಲ್ಲಿ.

ಇನ್ನು ಐರ್ಲೆಂಡಿಗೆ ಬರೋಣ. ಅಲ್ಲಿ ಒಬ್ಬೊಬ್ಬರೂ ವರ್ಷಕ್ಕೆ ಸುಮಾರು 328 ಚೀಲ ಬಳಸುತ್ತಿದ್ದರೆಂದು ಸರ್ಕಾರದ ಅಂದಾಜು. ತೆರಿಗೆ ಬಂದ ಮೇಲೆ ಅದು 21ಕ್ಕೆ ಇಳಿಯಿತು. ಹದಿನೈದು ಸೆಂಟ್ ಅವರಿಗೆ ದೊಡ್ಡ ಹಣವಲ್ಲ. ಮತ್ತೆ ಇಷ್ಟು ಇಳಿಯಲು ಕಾರಣವೇನು? ಆ ತೆರಿಗೆಯನ್ನು ಅಂಗಡಿಯವನು ತಾನೇ ನುಂಗಿಕೊಂಡು ಗಿರಾಕಿಗೆ ಪುಕ್ಕಟೆ ಚೀಲ ಕೊಡುವ ಹಾಗಿರಲಿಲ್ಲ. ಗಿರಾಕಿಯಿಂದಲೇ ವಸೂಲು ಮಾಡಬೇಕು. ದೇಶದ ಎಲ್ಲ ಅಂಗಡಿಗಳಲ್ಲೂ ಒಂದೇ ದಿನ, ಒಂದೇ ದರ. ಹಾಗಾಗಿ "ಎದುರಂಗಡಿಯಲ್ಲಿ ಪುಕ್ಕಟೆ ಕೊಡುತ್ತಾರೆ" ಎನ್ನುವ ಮಾತೇ ಉಳಿಯಲಿಲ್ಲ. ಹಸಿ ಮಾಂಸ, ಮೀನು, ಬಿಡಿ ಹಣ್ಣು ತರಕಾರಿಗಳಿಗೆ ಬೇಕಾಗುವ ಸಣ್ಣ ಚೀಲಕ್ಕೆ ಮೊದಲೇ ವಿನಾಯಿತಿ ಕೊಟ್ಟಿದ್ದರು. ಆದ್ದರಿಂದ ಜನ ಕಾಯಿದೆಯನ್ನು ಮುರಿಯಬೇಕಾದ ಸಂದರ್ಭವೇ ಕಡಿಮೆಯಾಯಿತು. ವಸೂಲಾದ ಹಣ ಪರಿಸರದ ಕೆಲಸಕ್ಕೆಂದು ಬೇರೆ ತೆಗೆದಿಟ್ಟ ನಿಧಿಗೆ ಹೋಯಿತು. ಕೊಟ್ಟವರಿಗೆ ಹಣ ಎಲ್ಲಿಗೆ ಹೋಯಿತೆಂಬುದು ಗೊತ್ತಿತ್ತು. ಇನ್ನೊಂದು ಅನುಕೂಲವೂ ಇತ್ತೆನ್ನಿ. ಅಲ್ಲಿ ಬಳಸುತ್ತಿದ್ದ ಚೀಲಗಳಲ್ಲಿ ಬಹುಪಾಲು ಹೊರಗಿನಿಂದ ಬರುತ್ತಿದ್ದವು. ಅಡ್ಡ ನಿಲ್ಲುವ ಕಾರ್ಖಾನೆಗಳು ಕಡಿಮೆ.

ಆದರೆ ಗೆದ್ದೆವೆಂದು ಅವರು ಕಣ್ಣು ಮುಚ್ಚಲಿಲ್ಲ. 2006ರ ವೇಳೆಗೆ ಬಳಕೆ 21ರಿಂದ ಸುಮಾರು 30ಕ್ಕೆ ಮೆಲ್ಲಗೆ ಏರಿತು. ಕೂಡಲೇ 2007ರ ಜುಲೈನಲ್ಲಿ ತೆರಿಗೆಯನ್ನು 22 ಸೆಂಟಿಗೆ ಏರಿಸಿದರು. ಕಳೆ ಮತ್ತೆ ಮೊಳೆತಾಗಲೇ ಕೀಳುವವನು ಜಾಣ ರೈತ, ಅಲ್ಲವೇ?

"ಹಾಗಾದರೆ ನಿಷೇಧ ಕೆಟ್ಟದ್ದು, ತೆರಿಗೆ ಒಳ್ಳೆಯದು, ಇಷ್ಟೇ ತಾನೆ?" ಎಂದು ನೀವು ಕೇಳಬಹುದು. ತಾಳಿ. ದಕ್ಷಿಣ ಆಫ್ರಿಕದಲ್ಲಿ ಬೇಲಿಗೂ ಮುಳ್ಳುಗಿಡಕ್ಕೂ ಎಷ್ಟು ಚೀಲ ಸಿಕ್ಕಿಕೊಂಡಿರುತ್ತಿದ್ದವೆಂದರೆ ಅದನ್ನು ರಾಷ್ಟ್ರೀಯ ಹೂವು ಎಂದು ಹಾಸ್ಯ ಮಾಡುತ್ತಿದ್ದರು. 2003ರಲ್ಲಿ ಅಲ್ಲಿಯೂ ತೆಳು ಚೀಲ ನಿಲ್ಲಿಸಿ, ದಪ್ಪ ಚೀಲಕ್ಕೆ 46 ಸೆಂಟ್ ಬೆಲೆ ಕಟ್ಟಿದರು. ಬಳಕೆ ದಡಕ್ಕನೆ ಬಿತ್ತು. ಕೆಲವೇ ತಿಂಗಳಲ್ಲಿ ಚೀಲ ತಯಾರಿಸುವವರ ಒತ್ತಾಯದಿಂದ ಬೆಲೆ ಇಳಿಯಿತು. ಬೆಲೆ ಇಳಿದ ಹಾಗೆ ಬಳಕೆ ಮತ್ತೆ ಏರಿತು. ಜನ ಆ ಚಿಲ್ಲರೆ ಹಣಕ್ಕೆ ಒಗ್ಗಿಹೋದರು. ಹೆಸರಿಗೆ ತೆರಿಗೆಯೇ. ಐರ್ಲೆಂಡಿನ ಫಲ ಬರಲಿಲ್ಲ.

ನಿಷೇಧವೇ ಗೆದ್ದ ನಾಡುಗಳೂ ಉಂಟು. ಆಫ್ರಿಕದ ಪುಟ್ಟ ದೇಶ ರವಾಂಡ 2008ರಲ್ಲಿ ಚೀಲವನ್ನು ನಿಷೇಧಿಸಿತು. ಅಲ್ಲಿಗೆ ಹೋಗುವ ಪ್ರಯಾಣಿಕರ ಸಾಮಾನಿನಲ್ಲಿ ಪ್ಲಾಸ್ಟಿಕ್ ಚೀಲ ಕಂಡರೆ ವಿಮಾನ ನಿಲ್ದಾಣದಲ್ಲೇ ತೆಗೆದಿಟ್ಟುಕೊಳ್ಳುತ್ತಾರೆ. ತಿಂಗಳ ಕೊನೆಯ ಶನಿವಾರ ಊರವರೆಲ್ಲ ಸೇರಿ ಬೀದಿ ಚರಂಡಿ ಚೊಕ್ಕಟ ಮಾಡುವ ಉಮುಗಾಂಡ ಎಂಬ ಪದ್ಧತಿ ಅಲ್ಲಿದೆ. ನಮ್ಮ ಶ್ರಮದಾನವಿದ್ದಂತೆ. ತಾನೇ ಗುಡಿಸಿದ ಬೀದಿಗೆ ಚೀಲ ಎಸೆಯಲು ಯಾರಿಗೆ ಮನಸ್ಸು ಬಂದೀತು? ಆದರೂ ನೆರೆಯ ಕಾಂಗೋ ದೇಶದಿಂದ ಗಡಿ ದಾಟಿಸಿ ಚೀಲ ಕದ್ದು ತರುವವರ ಕಾಟ ತಪ್ಪಲಿಲ್ಲ.

ಕೀನ್ಯ ದೇಶದ್ದು ಇನ್ನೂ ಪಾಠವಾಗುವಂಥ ಕಥೆ. ಅಲ್ಲಿ 2007ರಲ್ಲಿ ಒಮ್ಮೆ, 2011ರಲ್ಲಿ ಮತ್ತೊಮ್ಮೆ ಇಷ್ಟು ದಪ್ಪಕ್ಕಿಂತ ತೆಳುವಾದ ಚೀಲ ಕೂಡದು ಎಂದು ಹೊರಟು ಎರಡು ಸಾರಿಯೂ ಕೈಸೋತರು. 2017ರಲ್ಲಿ ದಪ್ಪ ತೆಳುವಿನ ಗೋಜನ್ನೇ ಬಿಟ್ಟರು. ಸಾಮಾನು ಒಯ್ಯುವ ಪ್ಲಾಸ್ಟಿಕ್ ಚೀಲವೇ ಕೂಡದು, ಮಾಡಲೂ ಕೂಡದು, ತರಿಸಲೂ ಕೂಡದು, ಬಳಸಲೂ ಕೂಡದು ಎಂದರು. ಆರು ತಿಂಗಳ ಅವಧಿ ಕೊಟ್ಟು, ಆಗಸ್ಟ್ 28ರಿಂದ ಜಾರಿಗೆ ತಂದರು. ದಂಡ 40 ಲಕ್ಷ ಷಿಲ್ಲಿಂಗಿನವರೆಗೆ, ಸೆರೆವಾಸ ನಾಲ್ಕು ವರ್ಷದವರೆಗೆ. ಆಮದು ವ್ಯಾಪಾರಿಗಳು ಹೈಕೋರ್ಟಿಗೆ ಹೋದರೂ ತಡೆಯಾಜ್ಞೆ ಸಿಗಲಿಲ್ಲ. ಬ್ರೆಡ್ಡು ಮುಂತಾದ ಸರಕನ್ನು ಕಾರ್ಖಾನೆಯಲ್ಲಿಯೇ ಕಟ್ಟುವ ಹಾಳೆಗೆ ಅಲ್ಲಿಯೂ ವಿನಾಯಿತಿ ಕೊಟ್ಟರು. ಆದರೆ ಅದು ಅಂಗಡಿಯ ಕಟ್ಟೆಯ ಮೇಲೆ ಬಿಡಿಯಾಗಿ ಸಿಗಬಾರದೆಂದು ಕಟ್ಟು ಮಾಡಿದರು. ಬಾಂಗ್ಲಾದೇಶದಲ್ಲಿ ಹಾಳೆಯ ಹೆಸರಿನಲ್ಲಿ ಚೀಲ ಪೇಟೆಗೆ ಬಂದದ್ದು ನೆನಪಿದೆಯಲ್ಲ? ಇಲ್ಲಿ ಆ ಬಾಗಿಲಿಗೆ ಅಗುಳಿ ಬಿತ್ತು.

ಕೀನ್ಯದಲ್ಲಿ ದನಗಳಿಗೆ ಏನಾಯಿತೆಂದು ಕೇಳಬೇಕಲ್ಲ! ನಿಷೇಧಕ್ಕೆ ಮುಂಚೆ ರಾಜಧಾನಿ ನೈರೋಬಿಯ ಸುತ್ತಿನ ಕಸಾಯಿಖಾನೆಗಳಲ್ಲಿ ಹತ್ತು ದನಗಳಲ್ಲಿ ಮೂರರ ಹೊಟ್ಟೆಯಲ್ಲಿ ಪ್ಲಾಸ್ಟಿಕ್ ಸಿಗುತ್ತಿತ್ತು, ಒಂದು ವರ್ಷ ತುಂಬುವ ಮೊದಲೇ ಅದು ಹತ್ತಕ್ಕೆ ಒಂದಾಯಿತು ಎಂದು ಅಲ್ಲಿಯ ಪರಿಸರ ಪ್ರಾಧಿಕಾರದ ಅಧಿಕಾರಿಗಳು 2018ರಲ್ಲಿ ಹೇಳಿದರು. ದನ ಸಾಕುವವನಿಗೆ ಇದಕ್ಕಿಂತ ದೊಡ್ಡ ಲಾಭ ಯಾವುದು? ಹಾಗೆಂದು ಕೀನ್ಯದಲ್ಲಿ ಎಲ್ಲ ಸರಿಹೋಯಿತೆಂದಲ್ಲ. ಉಗಾಂಡದಿಂದಲೂ ಟಾಂಜಾನಿಯದಿಂದಲೂ ಚೀಲ ನುಸುಳಿ ಬರುತ್ತಿತ್ತು. ಬೇಲಿ ಒಬ್ಬನ ಹೊಲಕ್ಕೆ ಮಾತ್ರ ಇದ್ದು ಪಕ್ಕದ ಹೊಲ ಬಯಲಾಗಿದ್ದರೆ ದನ ನುಗ್ಗದೆ ಬಿಟ್ಟೀತೇ? 2019ರ ಜೂನ್ 1ರಿಂದ ಟಾಂಜಾನಿಯವೂ ನಿಷೇಧ ಹಾಕಿದ ಮೇಲೆ ಆ ಕಡೆಯ ಬೇಲಿ ಸ್ವಲ್ಪ ಭದ್ರವಾಯಿತು.

ಅಂತೂ ಬಾಂಗ್ಲಾದೇಶದ ಶಿಕ್ಷೆಯೂ ಉಗ್ರ, ಕೀನ್ಯದ ಶಿಕ್ಷೆಯೂ ಉಗ್ರ. ಫಲ ಬೇರೆ ಬೇರೆ. ಐರ್ಲೆಂಡಿನ ತೆರಿಗೆಯೂ ತೆರಿಗೆ, ದಕ್ಷಿಣ ಆಫ್ರಿಕದ ತೆರಿಗೆಯೂ ತೆರಿಗೆ. ಫಲ ಬೇರೆ ಬೇರೆ. ಆದ್ದರಿಂದ ಕಾಯಿದೆಯ ಹೆಸರು ನೋಡಿ, ದಂಡದ ಮೊತ್ತ ನೋಡಿ ಏನನ್ನೂ ಹೇಳಲಾಗದು. ಅಂಗಡಿಯ ಕಟ್ಟೆಯ ಮೇಲೆ ಏನು ನಡೆಯುತ್ತದೆ ಎಂಬುದನ್ನು ನೋಡಬೇಕು.

ದಪ್ಪ ತೆಳುವಿನ ಮಾತು ಬಂತಲ್ಲ, ಅದನ್ನಿಷ್ಟು ಬಿಡಿಸಿ ಹೇಳುತ್ತೇನೆ. ಏಕೆಂದರೆ ನಮ್ಮ ದೇಶ ಹಿಡಿದದ್ದು ಈ ದಾರಿಯನ್ನೇ. 1999ರಲ್ಲಿ ನಮ್ಮ ಕೇಂದ್ರ ಸರ್ಕಾರ 20 ಮೈಕ್ರಾನಿಗಿಂತ ತೆಳುವಾದ ಚೀಲ ಕೂಡದೆಂದಿತು. 2011ರಲ್ಲಿ ಅದನ್ನು 40 ಮಾಡಿತು, 2016ರಲ್ಲಿ 50, 2021ರ ಸೆಪ್ಟೆಂಬರಿನಲ್ಲಿ 75, 2022ರ ಡಿಸೆಂಬರ್ 31ರಿಂದ 120. ಮೈಕ್ರಾನೆಂದರೆ ಒಂದು ಮಿಲಿಮೀಟರಿನಲ್ಲಿ ಸಾವಿರದ ಒಂದು ಪಾಲು. ಚೀಲ ದಪ್ಪವಾದರೆ ಬೆಲೆ ಏರುತ್ತದೆ, ಪುಕ್ಕಟೆ ಕೊಡುವುದು ನಿಲ್ಲುತ್ತದೆ, ಆಯ್ದು ಮಾರುವವರಿಗೂ ಲಾಭ ಎಂಬುದು ಇದರ ಉದ್ದೇಶ. ಉದ್ದೇಶ ಒಳ್ಳೆಯದೇ. ಆದರೆ ಸಂತೆಯ ಗದ್ದಲದಲ್ಲಿ ಟೊಮೇಟೊ ಕೊಳ್ಳುವ ನೀವು ಚೀಲ ಮುಟ್ಟಿ ನೋಡಿ ಇದು 75, ಇದು 120 ಎಂದು ಹೇಳಬಲ್ಲಿರಾ? ಅಳೆಯುವ ಉಪಕರಣವಿಲ್ಲದೆ ಅಧಿಕಾರಿಯೂ ಹೇಳಲಾರ. ಕಣ್ಣಿಗೆ ಕಾಣದ ಗೆರೆಯನ್ನು ಕಾಯುವುದು ಕಷ್ಟ.

ದಪ್ಪದ ದಾರಿಯಲ್ಲಿ ಇನ್ನೊಂದು ಗುಂಡಿಯೂ ಇದೆ. ಅಮೆರಿಕದ ಕ್ಯಾಲಿಫೋರ್ನಿಯ ರಾಜ್ಯ 2014ರಲ್ಲಿ ಕಾಯಿದೆ ಮಾಡಿತು. 2016ರಲ್ಲಿ ಜನರ ಮತದಿಂದ ಅದು ಊರ್ಜಿತವಾಯಿತು. ತೆಳು ಚೀಲ ಕೂಡದು, ಮತ್ತೆ ಮತ್ತೆ ಬಳಸಬಹುದಾದ ದಪ್ಪ ಪ್ಲಾಸ್ಟಿಕ್ ಚೀಲವನ್ನು 10 ಸೆಂಟಿಗೆ ಮಾರಬಹುದು ಎಂದಿತು. ಜನ ಏನು ಮಾಡಿದರು? ದಪ್ಪ ಚೀಲವನ್ನೂ ಒಂದೇ ಸಾರಿ ಬಳಸಿ ಎಸೆದರು. ವರ್ಷಗಳು ಕಳೆದ ಮೇಲೆ ತೂಕ ಹಾಕಿ ನೋಡಿದರೆ ಚೀಲದ ಕಸ ಮೊದಲಿಗಿಂತ ಹೆಚ್ಚಾಗಿತ್ತು. ಚಾಪೆಯ ಕೆಳಗೆ ತೂರಿದರೆ ರಂಗೋಲಿಯ ಕೆಳಗೆ ತೂರುವವರು ಎಲ್ಲ ದೇಶದಲ್ಲೂ ಇದ್ದಾರೆ. 2024ರಲ್ಲಿ ಇನ್ನೊಂದು ಕಾಯಿದೆ ತಂದು, 2026ರ ಜನವರಿ 1ರಿಂದ ಆ ದಪ್ಪ ಚೀಲವೂ ಕೂಡದೆಂದು ಗೊತ್ತುಮಾಡಿದರು.

ನಮ್ಮ ಕರ್ನಾಟಕ ಸರ್ಕಾರ ಮಾತ್ರ ಮೈಕ್ರಾನಿನ ಲೆಕ್ಕಕ್ಕೆ ಕಾಯದೆ 2016ರ ಮಾರ್ಚ್ 11ರ ಅಧಿಸೂಚನೆಯಲ್ಲಿ ಎಷ್ಟು ದಪ್ಪದ್ದಾದರೂ ಪ್ಲಾಸ್ಟಿಕ್ ಕೈಚೀಲ ಕೂಡದೆಂದು ಹೇಳಿತು. ಕಾಗದದ ಮೇಲೆ ಇದು ಕೀನ್ಯದ ಹಾಗೆ ನೇರವಾದ ಗೆರೆ. ಇಷ್ಟಾದರೂ ನಮ್ಮ ಸಂತೆಗಳಲ್ಲಿ ಚೀಲ ಕಾಣುತ್ತಿದೆಯಲ್ಲ, ಏಕೆ? ಮೇಲಿನ ಕಥೆಗಳನ್ನು ಕೇಳಿದ ನಿಮಗೆ ಉತ್ತರವನ್ನು ನಾನು ಹೇಳಬೇಕಾಗಿಲ್ಲ. ಪಕ್ಕದ ರಾಜ್ಯದಿಂದ ಬರುವ ಲಾರಿಗೆ ಬೇಲಿಯಿಲ್ಲ. ಸಗಟು ಮಾರುವವನನ್ನು ಬಿಟ್ಟು ಸೊಪ್ಪು ಮಾರುವ ಮುದುಕಿಗೆ ದಂಡ ಹಾಕಿದರೆ ಚೀಲದ ಊಟೆ ನಿಲ್ಲುವುದಿಲ್ಲ.

ಇನ್ನು ನಮ್ಮ ಕೈಯಲ್ಲಿ ಏನಿದೆ? ನಿಮ್ಮ ಗ್ರಾಮ ಪಂಚಾಯಿತಿಯಲ್ಲಿ ಈ ವಿಚಾರ ಎತ್ತುವುದಾದರೆ ಮೇಲಿನ ದೇಶಗಳ ಅನುಭವದಿಂದ ನಾಲ್ಕು ಮಾತು ಮುಂದಿಡಿ. ಮೊದಲನೆಯದು, ಸಂತೆಯಲ್ಲಿ ಕೂರುವ ಎಲ್ಲರಿಗೂ ಒಂದೇ ದಿನದಿಂದ ಒಂದೇ ಕಟ್ಟಳೆ ಇರಲಿ. ಒಬ್ಬ ಕೊಟ್ಟು ಇನ್ನೊಬ್ಬ ಕೊಡದ ಹಾಗಾದರೆ ಒಂದೇ ತಿಂಗಳಲ್ಲಿ ಕಟ್ಟಳೆ ಕೆಡುತ್ತದೆ. ಎರಡನೆಯದು, ಸಂತೆಗೆ ಚೀಲದ ಕಟ್ಟು ತಂದು ಸಗಟಾಗಿ ಮಾರುವವನನ್ನು ಮೊದಲು ತಡೆಯಿರಿ. ಮೂರನೆಯದು, ಮೀನು, ಮಾಂಸ, ಮೊಸರಿನಂಥ ಒದ್ದೆ ಪದಾರ್ಥಕ್ಕೆ ಏನು ಮಾಡಬೇಕೆಂದು ಮೊದಲೇ ಯೋಚಿಸಿ. ಎಲೆಯೋ, ಮನೆಯಿಂದ ತರುವ ಡಬ್ಬಿಯೋ, ಏನಾದರೂ ಗೊತ್ತಾಗಿರಲಿ. ನಿಮ್ಮೂರಿನ ಸ್ತ್ರೀಶಕ್ತಿ ಸಂಘದವರು ಹಳೆಯ ಬಟ್ಟೆಯಲ್ಲಿ ಚೀಲ ಹೊಲಿದು ಸಂತೆಯ ಬಾಗಿಲಲ್ಲೇ ಮಾರಲಿ; ಮರೆತು ಬಂದವನಿಗೂ ದಾರಿಯಾಗುತ್ತದೆ. ನಾಲ್ಕನೆಯದು, ಮುಂದಿನ ವರ್ಷ ಇದೇ ದಿನ ಯಾರು ಬಂದು ನೋಡುತ್ತಾರೆ ಎಂಬುದನ್ನು ಈಗಲೇ ಬರೆದಿಡಿ. ಬಾಂಗ್ಲಾದೇಶದ ಕಾಯಿದೆ ಕೆಟ್ಟದ್ದು ಮೊದಲ ತಿಂಗಳಲ್ಲಲ್ಲ, ನೋಡುವವರು ಬಾರದೆ ಹೋದ ಮೇಲೆ.

ಪಂಚಾಯಿತಿ ಸೇರುವತನಕ ಕಾಯಬೇಕಾಗಿಲ್ಲದ ಕೆಲಸವೂ ಒಂದಿದೆ. ಎಂಜಲು ಅನ್ನವನ್ನು ಚೀಲದಲ್ಲಿ ಗಂಟು ಕಟ್ಟಿ ಎಸೆಯುವುದನ್ನು ನಿಮ್ಮ ಮನೆಯಲ್ಲಿ ಈ ದಿನವೇ ನಿಲ್ಲಿಸಿ. ಕಲಗಚ್ಚಿನ ಬಾನಿಗೆ ಸುರಿಯಿರಿ, ಇಲ್ಲವೇ ಗೊಬ್ಬರದ ಗುಂಡಿಗೆ ಹಾಕಿ. ಇಷ್ಟಕ್ಕೆ ಯಾವ ಸರ್ಕಾರದ ಕಾಯಿದೆಯೂ ಬೇಡ. ನಿಮ್ಮ ಕೊಟ್ಟಿಗೆಯ ಹಸುವಿಗೂ ನೆರೆಮನೆಯ ಹಸುವಿಗೂ ಅದರಿಂದ ಒಳ್ಳೆಯದಾಗುತ್ತದೆ.